ಮಾಳಿಗೆಯಿಂದ ಇಳಿದ ಧಾಟಿ

ನನ್ನ ಹಾಡನ್ನು ನಾನು ಹಾಡಿದರೆ ಜನ ನನ್ನನ್ನು ಕಳ್ಳಿ ಅನ್ನುತ್ತಾರೆ. ಅದನ್ನೇ ಬೇರೆಯವರು ಹಾಡಿದರೆ ಕೈ ಮುಗಿಯುತ್ತಾರೆ. ಆದೋನಿಯಲ್ಲಿ ಕೂತುಕೊಂಡು ಈ ಸಂಕಟವನ್ನು ಯಾರ ಮುಂದೆ ತೋಡಿಕೊಳ್ಳಲಿ? ತೋಡಿಕೊಳ್ಳಬಹುದಾದ ಒಬ್ಬಳೇ ಒಬ್ಬಳು ಕೆಳಗಿನ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿರುತ್ತಾಳೆ. ಇಷ್ಟೆಲ್ಲ ಮಾಡಿದವಳೂ ಅವಳೇ.

ನಾನು ಸುಷಮಾ. ಪಾಪ್ ಹಾಡು ಬರೆದು, ಧಾಟಿ ಕಟ್ಟಿ, ನಾನೇ ಹಾಡಿ ಇಂಟರ್ನೆಟ್ಟಿಗೆ ಬಿಡುವವಳು. ನನ್ನ ಹಾಡುಗಳಲ್ಲಿ ಕನ್ನಡ ಒಂದು ಸಾಲು ಬಂದರೆ ತೆಲುಗು ಇನ್ನೊಂದು ಸಾಲು ಬರುತ್ತದೆ. ಬೇಕೆಂದು ಮಾಡಿದ್ದಲ್ಲ, ಗಡಿಯ ನಮ್ಮೂರಲ್ಲಿ ಜಗಳ ಆಡುವಾಗಲೂ ಬಾಯಲ್ಲಿ ಹಾಗೇ ಬರುತ್ತದೆ. ಹೈದರಾಬಾದಿನವರು ಅದನ್ನೇ ಏನೋ ಹೊಸದೆಂದು ಮೆಚ್ಚಿಕೊಂಡರು. ಸಂದರ್ಶನಕ್ಕೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಸ್ಫೂರ್ತಿ ಎಲ್ಲಿಂದ ಬರುತ್ತದೆ? ನಮ್ಮ ಬೀದಿ ನಲ್ಲಿಯಲ್ಲಿ ನೀರು ಬರುವ ಹಾಗೆ ಬರುತ್ತದೆ ಅನ್ನುತ್ತೇನೆ. ಬಂದಾಗ ಮನೆಯಲ್ಲಿದ್ದ ಕೊಡಗಳನ್ನೆಲ್ಲ ತುಂಬಿಸಿಕೊಳ್ಳಬೇಕು, ಬರದಿದ್ದಾಗ ಬಾಯಿ ಮುಚ್ಚಿಕೊಂಡಿರಬೇಕು. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿರುವುದಿಲ್ಲ.

ನನಗೆ ಧಾಟಿ ಮೊದಲು ಬರುತ್ತದೆ, ಮಾತು ತೀರಾ ತಡ. ತಿಂಗಳುಗಟ್ಟಲೆ ಲಲ್ಲಲಾ ಎನ್ನುತ್ತ ಕೋಣೆಯ ಉದ್ದಗಲಕ್ಕೂ ಓಡಾಡುತ್ತೇನೆ. ಒಂದೊಂದೇ ಮಾತು ಬಂದು ಧಾಟಿಯ ಮೇಲೆ ಕೂರುತ್ತದೆ. ಸರಿಯಾಗಿ ಕೂರದಿದ್ದರೆ ಎಬ್ಬಿಸಿ ಕಳಿಸುತ್ತೇನೆ. ಹೀಗೆ ಎಬ್ಬಿಸಿ ಕಳಿಸುವುದೇ ನನ್ನ ಕಸುಬಿನ ಮುಕ್ಕಾಲು ಭಾಗ. ಹಾಡುವುದು ಉಳಿದ ಚೂರು.

ಈ ಹಾಡು ಹುಟ್ಟಿದ್ದು ಪ್ರಾಣೇಶನಿಂದ. ಪ್ರಾಣೇಶ ನನ್ನ ಗಂಡ ಆಗಿದ್ದವನು. ಅವನು ಒಮ್ಮೆಗೇ ಬಿಟ್ಟು ಹೋಗುವ ಗಂಡಸಲ್ಲ. ಸಿಟ್ಟು ಮಾಡಿಕೊಂಡು ಹೋಗುತ್ತಿದ್ದ, ಹೋಗುವಾಗ ಫೋನಿನ ಚಾರ್ಜರ್ ಬಿಟ್ಟು ಹೋಗುತ್ತಿದ್ದ. ಚಾರ್ಜರಿಗೆಂದು ಬಂದವನು ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಈ ಸಲ ಕನ್ನಡಕ ಬಿಟ್ಟು ಹೋಗುತ್ತಿದ್ದ. ಹೈದರಾಬಾದಿನ ಆ ಮನೆಯಲ್ಲಿ ನಾನು ಅವನ ಅರ್ಧದ ಜೊತೆ ಸಂಸಾರ ಮಾಡಿ ಸಾಕಾಗಿ, ಕೊನೆಗೆ ನಾನೇ ಎದ್ದು ಆದೋನಿಗೆ ಬಂದುಬಿಟ್ಟೆ. ಆಮೇಲೆ ಬಂದ ಸಾಲು ಇದು: "ಹೋಗೋದಾದರ ಪೂರ್ತಿ ಹೋಗೋ ಗೆಳೆಯಾ, ನಿನ್ನ ಅರ್ಧ ಇಲ್ಲೇ ಉಳದೈತಿ."

ಬಂದದ್ದು ದೊಡ್ಡಮ್ಮನ ಮನೆಗೆ. ನನ್ನ ತಾಯಿಯ ಅಕ್ಕ ತುಳಸಿಬಾಯಿ. ತಾಯಿ ತೀರಿಕೊಂಡ ಮೇಲೆ ನನಗೆ ತೌರು ಅಂತ ಉಳಿದಿದ್ದು ಅವಳೇ. ಅವಳ ಗಂಡ ತಾಲ್ಲೂಕು ಕಚೇರಿಯಲ್ಲಿದ್ದವರು, ತೀರಿಹೋಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ. ನಾನು ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಾಗ ಬಂಧುಬಳಗವೆಲ್ಲ ಏನಾಯಿತು, ಯಾಕಾಯಿತು ಎಂದು ಕೆದಕುತ್ತಿತ್ತು. ದೊಡ್ಡಮ್ಮ ಒಂದೇ ಮಾತು ಕೇಳಿದಳು.

"ಮ್ಯಾಲಿನ ಕೋಣಿ ಖಾಲಿ ಅದ. ಫ್ಯಾನು ಕಿರಕಿರ ಅಂತದ. ನಡೀತದಿಲ್ಲೋ ನಿನಗ?"

ನಡೆಯಿತು. ಆ ಕಿರಕಿರದ ಕೆಳಗೇ ನಾನು ಎಂಟು ತಿಂಗಳು ಆ ಹಾಡನ್ನು ಕಟ್ಟಿದೆ. ಕಟ್ಟಿ, ಹೈದರಾಬಾದಿಗೆ ಹೋಗಿ ರೆಕಾರ್ಡ್ ಮಾಡಿಸಿ, ಒಂದು ಶುಕ್ರವಾರ ಬಿಡುಗಡೆ ಮಾಡಿದೆ. ಸಂಜೆಯ ಹೊತ್ತಿಗೆ ಕಾಮೆಂಟುಗಳು ಬಂದವು. ಒಬ್ಬಾತ ತೆಲುಗಿನಲ್ಲಿ ಬರೆದಿದ್ದ: ದೇವುಡಿ ಪಾಟನಿ ದೊಂಗಿಲಿಂಚಿ ಮೊಗುಡಿ ಮೀದ ಪಾಡಿಂದಿ. ದೇವರ ಹಾಡನ್ನು ಕದ್ದು ಗಂಡನ ಮೇಲೆ ಹಾಡಿದ್ದಾಳಂತೆ! ಅದರ ಕೆಳಗೆ ಹೌದು ಹೌದು ಎನ್ನುವವರ ಸಾಲು. ಇನ್ನೊಬ್ಬರು, ಸಾಕ್ಷಿ ಬೇಕಾದರೆ ನೋಡಿ ಎಂದು ಒಂದು ವಿಡಿಯೋ ಹಾಕಿದ್ದರು.

ವಿಡಿಯೋದಲ್ಲಿ ಒಂದು ವೇದಿಕೆ, ಭಜನಾ ಮಂಡಳಿಗಳ ಸ್ಪರ್ಧೆ. ಸಾಸಿವೆ ಬಣ್ಣದ ಒಂದೇ ತರಹದ ಸೀರೆ ಉಟ್ಟ ಹೆಂಗಸರು. ನಡುವೆ ತಾಳ ಹಿಡಿದು ಕಣ್ಣು ಮುಚ್ಚಿಕೊಂಡಿರುವವಳು ನನ್ನ ದೊಡ್ಡಮ್ಮ. ನನ್ನ ಧಾಟಿ, ಒಂದು ಸ್ವರವೂ ಆಚೀಚೆ ಆಗಿರಲಿಲ್ಲ. ನನ್ನ ಹಾಡು ಬಿಡುಗಡೆ ಆಗುವುದಕ್ಕೆ ತಿಂಗಳುಗಳ ಮುಂಚಿನ ವಿಡಿಯೋ. ಅವಳ ಮಂಡಳಿಯ ಅಭ್ಯಾಸ ಗುಡಿಯಲ್ಲಿ ನಡೆಯುತ್ತಿತ್ತು, ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆಯ ಭಜನಾ ಮಂಡಳಿಯ ಹೆಂಗಸರಿಗೆ ಧಾಟಿ ಯಾರದಾದರೂ ನಡೆಯುತ್ತದೆ. ಸಿನಿಮಾ ಹಾಡೊಂದು ಜನಪ್ರಿಯವಾದರೆ ಮುಂದಿನ ಶನಿವಾರದೊಳಗೆ ಅದರ ಮೇಲೆ ದೇವರ ಮಾತು ಕೂತಿರುತ್ತದೆ. ನಾಯಕಿ ಸ್ವಿಟ್ಜರ್ಲೆಂಡಿನಲ್ಲಿ ಕುಣಿದದ್ದು ಇಲ್ಲಿ ಹರಿಯ ಪಾದಕ್ಕೆ ಬಂದು ನಿಲ್ಲುತ್ತದೆ. ಇದನ್ನು ಯಾರೂ ಕಳ್ಳತನ ಅಂದುಕೊಂಡಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಆದರೆ ಆ ಸ್ಪರ್ಧೆಯಲ್ಲಿ ಸಾಂಪ್ರದಾಯಿಕ ಧಾಟಿ ಮಾತ್ರ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ವಿಡಿಯೋದ ಕೊನೆಯಲ್ಲಿ ತೀರ್ಪುಗಾರರು ಕೇಳುತ್ತಾರೆ, "ಅಮ್ಮಾ, ಈ ಧಾಟಿ ಎಲ್ಲೂ ಕೇಳಿಲ್ಲ, ಯಾರದು?" ದೊಡ್ಡಮ್ಮ ಮೈಕಿಗೆ ಬಾಯಿ ಹತ್ತಿಸಿ ಹೇಳುತ್ತಾಳೆ, "ನಮ್ಮ ಅತ್ತಿಯವರದು. ಹಳೇದು."

ಮೆಟ್ಟಿಲು ಇಳಿದು ಅಡುಗೆಮನೆಗೆ ಹೋಗಿ ಫೋನನ್ನು ಅವಳ ಮುಖದ ಮುಂದೆ ಹಿಡಿದೆ.

"ದೊಡ್ಡಮ್ಮ, ಇದು ನನ್ನ ಧಾಟಿ."

"ಗೊತ್ತದ," ಎಂದಳು.

"ಗೊತ್ತದ ಅಂದ್ರ?"

"ದಿನಾ ಮ್ಯಾಲಿಂದ ಕೇಳಸ್ತದಲ್ಲ. ಪೂರ್ತಿ, ಅರ್ಧ ಅಂತ ಅಲ್ಲೊಂದು ಇಲ್ಲೊಂದು ಮಾತ, ಉಳದದ್ದು ಬರೇ ಲಲ್ಲಲಾ. ಅಷ್ಟು ಛಂದ ಧಾಟಿ, ಮಾತಿಲ್ಲದ ಅಲಿಯೂದು ನೋಡಿ ನನಗ ತಡೀಲಿಲ್ಲ. ಎರಡು ಮಾತು ಹಾಕಿದೆ."

"ಮತ್ತ ನಿಮ್ಮ ಅತ್ತಿಯವರು ಎಲ್ಲಿಂದ ಬಂದ್ರು?"

ಚಾಕು ಕೆಳಗಿಟ್ಟಳು. "ಸ್ಟೇಜಿನ ಮ್ಯಾಲ ಮೈಕು ಹಿಡದು ಕೇಳಿಬಿಟ್ರು. ಹಿಂದ ಎಲ್ಲಾರೂ ಹೊಸಾ ಸೀರಿ ಉಟಗೊಂಡು ನಿಂತಾರ. ಪಾಪ್ ಹಾಡಿಂದು ಅಂದ್ರ ಇಳೀರಿ ಕೆಳಗ ಅಂತಿದ್ರು. ಗಾಬರ್‍ಯಾಗಿ ಬಾಯಿಗೆ ನಮ್ಮ ಅತ್ತಿ ಬಂದ್ರು."

"ಅವರು ಹಾಡ್ತಿದ್ದರೇನು?"

"ಎಲ್ಲೀ ಹಾಡು! ಬರೇ ಬಯ್ತಿದ್ರು."

ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಮೇಲೆ ಹೋಗಿ ಬಾಗಿಲು ಹಾಕಿಕೊಂಡು ವಿಡಿಯೋವನ್ನು ಮತ್ತೆ ನೋಡಿದೆ. ಈ ಸಲ ಮಾತು ಕೇಳಿದೆ. ನಾನು "ಹೋಗೋದಾದರ ಪೂರ್ತಿ ಹೋಗೋ" ಎಂದು ಬರೆದ ಜಾಗದಲ್ಲಿ ಅವಳು ಹಾಡುತ್ತಿದ್ದಳು: "ಬರುವುದಾದರೆ ಪೂರ್ತಿ ಬಾರೋ ಹರಿಯೇ, ನಾ ಅರ್ಧ ಮನದಲಿ ಕರೆದರೂ."

ನಿಜ ಹೇಳಿಬಿಡುತ್ತೇನೆ, ಆಗ ನನಗಾದದ್ದು ಹೊಟ್ಟೆಕಿಚ್ಚು. ನಾನು ಆ ಸಾಲಿನ ಎರಡನೇ ಅರ್ಧಕ್ಕಾಗಿ ವಾರಗಟ್ಟಲೆ ಒದ್ದಾಡಿದ್ದೆ. ಧಾಟಿ ಅಲ್ಲಿ ಮೆಲ್ಲಗೆ ಕೆಳಗಿಳಿಯುತ್ತದೆ, ಅಲ್ಲಿ ಬೈಗುಳ ಕೂರುವುದಿಲ್ಲ ಎಂದು ನನ್ನ ಕಿವಿ ಹೇಳುತ್ತಲೇ ಇತ್ತು. ಕೊನೆಗೆ ಸಾಕಾಗಿ "ಉಳದೈತಿ" ಎಂದು ಏನೋ ಒಂದು ಹಚ್ಚಿ ಮುಗಿಸಿದ್ದೆ. ಅಲ್ಲಿಗೆ ಬೇಕಾಗಿದ್ದದ್ದು ಸಿಟ್ಟಲ್ಲ, ತಪ್ಪೊಪ್ಪಿಗೆ. ಅದು ಬದನೆಕಾಯಿ ಹೆಚ್ಚುವವಳಿಗೆ ಹೊಳೆದಿದೆ, ನನಗೆ ಹೊಳೆದಿಲ್ಲ. ಯಾವ ಸಂದರ್ಶನದಲ್ಲೂ ಇದನ್ನು ಯಾರೂ ಕೇಳುವುದಿಲ್ಲ: ನಿಮ್ಮ ಹಾಡಿಗೆ ನಿಮಗಿಂತ ಒಳ್ಳೆಯ ಮಾತು ಬೇರೆಯವರು ಬರೆದರೆ ಏನು ಮಾಡುತ್ತೀರಿ?

ನನ್ನ ಸಂಗೀತ ಕಂಪನಿಯಿಂದ ಫೋನು ಬಂತು. ಹಾಡು ನಿಮ್ಮದೇ ಎಂದು ಜನಕ್ಕೆ ತಿಳಿಯುವ ಹಾಗೆ ಹೇಳಿ, ಇಲ್ಲವಾದರೆ ನಾವು ತೆಗೆದುಹಾಕುತ್ತೇವೆ ಎಂದರು. ಹೇಳುವುದೇನು ಕಷ್ಟ? ನಾನು ಲಲ್ಲಲಾ ಎಂದದ್ದೆಲ್ಲ ಫೋನಿನಲ್ಲಿದೆ, ಸ್ಪರ್ಧೆಗಿಂತ ಎಷ್ಟೋ ಮುಂಚಿನದು. ಅದನ್ನು ಹಾಕಿದರೆ ಕತೆ ಮುಗಿಯಿತು. ನನ್ನ ಕತೆಯಷ್ಟೇ ಅಲ್ಲ, ದೊಡ್ಡಮ್ಮನದೂ. ದೇವರ ವೇದಿಕೆಯ ಮೇಲೆ ನಿಂತು ಸುಳ್ಳು ಹೇಳಿದವಳು ಎಂದು ಈ ಊರು ಅವಳನ್ನು ಸಾಯುವ ತನಕ ಆಡಿಕೊಳ್ಳುತ್ತದೆ. ಮಂಡಳಿ ಬಿಟ್ಟರೆ ಅವಳಿಗೆ ಈ ಊರಲ್ಲಿ ಮತ್ತೇನಿದೆ? ಬೆರಳು ಫೋನಿನ ಮೇಲೆ ಹೋಗುತ್ತಿತ್ತು, ಹಿಂದಕ್ಕೆ ಬರುತ್ತಿತ್ತು.

ಅಷ್ಟರಲ್ಲಿ ದೊಡ್ಡಮ್ಮನ ಆ ಭಜನೆ ಸುತ್ತಮುತ್ತ ಹಬ್ಬಿತ್ತು. ಪಕ್ಕದೂರು ಪೆದ್ದಹರಿವಾಣದಿಂದ ಆಟೋ ಮಾಡಿಕೊಂಡು ಹೆಂಗಸರು ಧಾಟಿ ಕಲಿಯಲು ಬರುತ್ತಿದ್ದರು. ದೊಡ್ಡಮ್ಮ ಪಡಸಾಲೆಯಲ್ಲಿ ಕೂತು ಕಲಿಸುತ್ತಿದ್ದಳು. "ಹಂಗಲ್ಲ, ಅಲ್ಲಿ ಸ್ವಲ್ಪ ಎಳೀಬೇಕು," ಎಂದು ಅವಳು ತಿದ್ದುವುದು ಮೇಲಿನ ತನಕ ಕೇಳುತ್ತಿತ್ತು. ಸರಿಯಾಗಿಯೇ ತಿದ್ದುತ್ತಿದ್ದಳು. ನಾನು ಸ್ನಾನ ಮಾಡುವಾಗ ಕೂಡ ಗುನುಗುವ ಹಾಗಿರಲಿಲ್ಲ. ಗುನುಗಿದರೆ ಪಡಸಾಲೆಯವರು ದನಿಗೂಡಿಸುತ್ತಿದ್ದರು. ಒಮ್ಮೆ ಬಟ್ಟೆ ಒಣಗಹಾಕಲು ಇಳಿದಾಗ ಒಬ್ಬಾಕೆ ಪ್ರೀತಿಯಿಂದ ಕೈ ಹಿಡಿದುಕೊಂಡಳು.

"ನೀವೂ ಕಲೀರೆವಾ, ಹಾಡೂ ಹುಡುಗಿ ಅಂತ. ನಿಮ್ಮ ದೊಡ್ಡಮ್ಮಾರ ಹತ್ರ ಇಂಥಾ ಹಾಡು ಐತಿ, ನೀವು ಯಾಕ ಆ ಹುಚ್ಚು ಹಾಡು ಹಾಡ್ತೀರಿ?"

ಹಸಿ ಸೀರೆ ಹಿಂಡಿದೆ. ನೀರೆಲ್ಲ ಇಳಿದು ಹೋದ ಮೇಲೂ ಹಿಂಡುತ್ತಲೇ ಇದ್ದೆ.

ಹಾಲಸ್ವಾಮಿ ಬಂದದ್ದು ಆ ವಾರವೇ. ಹತ್ತಿ ವ್ಯಾಪಾರಿ, ಊರಿನ ಸನ್ಮಾನಗಳನ್ನೆಲ್ಲ ನಡೆಸುವುದರಲ್ಲಿ ಎತ್ತಿದ ಕೈ. ಕಲ್ಯಾಣಮಂಟಪದಲ್ಲಿ ಊರಿನ ಕಲಾವಿದರಿಗೆ ಶಾಲು ಹೊದಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದರು.

"ನಿಮ್ಮಿಬ್ಬರನ್ನೂ ಕರೀಬೇಕಂತ ಐತಮ್ಮಾ. ತುಳಸಿಬಾಯಾರಿಗೆ ಸನ್ಮಾನ, ನಿಮ್ಮದು ಹಾಡು. ಆದ್ರ ಆ ಹಾಡು ಹಾಡಿದ್ರ ದೇವರ ಮಾತಿಟ್ಟು ಹಾಡ್ರಿ. ಗೊಡವಲು ಒದ್ದಮ್ಮಾ ಮನಕು." ಜಗಳ ನಮಗೆ ಬೇಡ ಎಂದು ತೆಲುಗಿನಲ್ಲಿ ಮುಗಿಸಿ ಕಾಫಿ ಕುಡಿದರು.

"ನಾನು ನನ್ನ ಮಾತೇ ಹಾಡ್ತೀನ್ರಿ," ಎಂದೆ. "ಧಾಟಿ ಯಾರದು ಅಂತ ಅಲ್ಲೇ ಹೇಳ್ತೀನಿ."

ಅವರು ನನ್ನ ಮುಖ, ದೊಡ್ಡಮ್ಮನ ಮುಖ ನೋಡಿ, ಕಾಫಿ ಲೋಟ ಇಟ್ಟು ಎದ್ದರು. ಅವರು ಹೋದ ಮೇಲೆ ದೊಡ್ಡಮ್ಮ ಅಳುತ್ತಾಳೆ, ಇಲ್ಲವೇ ನೀ ತಿಂದ ಅನ್ನ ಯಾರದು ಎಂದು ಕೇಳುತ್ತಾಳೆ ಎಂದು ಕಾದೆ. ಕೇಳಿದ್ದರೆ ನನಗೆ ಹಗುರಾಗುತ್ತಿತ್ತು, ನಾನೂ ನಾಲ್ಕು ಮಾತು ಒಗೆಯಬಹುದಿತ್ತು. ಅವಳು ಲೋಟ ಎತ್ತಿಕೊಂಡು ಹೇಳಿದಳು, "ಹೇಳು. ಹೇಳಬೇಕಾದ್ದೇ. ನಾ ಮುಂದ ಕೂತಿರ್ತೀನಿ, ಓಡಿ ಹೋಗಂಗಿಲ್ಲ."

ಕಲ್ಯಾಣಮಂಟಪ ತುಂಬಿತ್ತು. ಮೊದಲ ಸಾಲಿನಲ್ಲಿ ಮಂಡಳಿಯವರೆಲ್ಲ ಅದೇ ಸಾಸಿವೆ ಬಣ್ಣದ ಸೀರೆಯಲ್ಲಿ, ನಡುವೆ ದೊಡ್ಡಮ್ಮ, ಪಕ್ಕದಲ್ಲಿ ಅವಳ ಗೆಳತಿ ಶಾಂತಕ್ಕ. ನಾನು ಗಿಟಾರು ಹಿಡಿದು ನಿಂತೆ. ಮೊದಲು ಹಾಡಿ, ಆಮೇಲೆ ಹೇಳುವುದು ಎಂದು ನಿರ್ಧರಿಸಿದ್ದೆ. ಶುರುಮಾಡಿದೆ, "ಹೋಗೋದಾದರ..."

ಶಾಂತಕ್ಕ ತಲೆಯೆತ್ತಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಪಾಪ ಎನ್ನುವ ಮರುಕವಿತ್ತು. ಭಜನೆಯಲ್ಲಿ ಒಬ್ಬಾಕೆ ಮಾತು ಮರೆತರೆ ಆಕೆ ನಾಚುವ ಮುಂಚೆ ಉಳಿದವರೆಲ್ಲ ಒಟ್ಟಿಗೆ ಆ ಸಾಲನ್ನು ಎತ್ತಿಕೊಳ್ಳಬೇಕು. ಅದು ಅವರ ಪದ್ಧತಿ. ಹಾಡುವವಳನ್ನು ನಡುನೀರಿನಲ್ಲಿ ಬಿಡುವುದು ಅವರಲ್ಲಿ ದೊಡ್ಡ ತಪ್ಪು. ನಾನು ಮರೆತೆ ಎಂದುಕೊಂಡರು. ಶಾಂತಕ್ಕ ಎತ್ತಿಕೊಂಡಳು, ಮಂಡಳಿಯವರೆಲ್ಲ ಎತ್ತಿಕೊಂಡರು: "ಬರುವುದಾದರೆ ಪೂರ್ತಿ ಬಾರೋ ಹರಿಯೇ..."

ನಾನು ನಿಲ್ಲಿಸಿ ಮತ್ತೆ "ಹೋಗೋದಾದರ" ಎಂದೆ, ಗಟ್ಟಿಯಾಗಿ. ಅವರು ಇನ್ನೂ ಗಟ್ಟಿಯಾಗಿ, ಇನ್ನೂ ಪ್ರೀತಿಯಿಂದ, ಮಗುವಿಗೆ ಪಾಠ ಹೇಳಿಕೊಡುವ ಹಾಗೆ ನನ್ನ ಕಡೆ ತಲೆಯಾಡಿಸುತ್ತ "ಬರುವುದಾದರೆ" ಎಂದರು. ಈಗ ಹಿಂದಿನ ಸಾಲುಗಳೂ ಸೇರಿಕೊಂಡವು. ಸಭೆಯೆಲ್ಲ ಚಪ್ಪಾಳೆ ತಟ್ಟುತ್ತ ಹಾಡುತ್ತಿತ್ತು. ನನ್ನ ಬೆರಳು ನಿಲ್ಲಲಿಲ್ಲ, ಗಿಟಾರು ಅವರ ಜೊತೆಗೇ ಹೋಗುತ್ತಿತ್ತು. ಧಾಟಿ ನನ್ನದಲ್ಲವೇ, ಎಲ್ಲಿಗೆ ಹೋಗಬೇಕು ಎಂದು ಅದಕ್ಕೆ ಗೊತ್ತು. ಅಷ್ಟು ಜನ ನನ್ನ ಧಾಟಿಯನ್ನು ಎದೆ ತುಂಬಿ ಹಾಡುವುದನ್ನು ನಾನು ಮುಂಚೆ ಎಂದೂ ಕೇಳಿರಲಿಲ್ಲ. ಎಷ್ಟು ವರ್ಷ ಕನಸು ಕಂಡಿದ್ದೆ ಇದಕ್ಕೆ! ಈಗ ಅದರೊಳಗೆ ನನ್ನ ಒಂದು ಮಾತು ತೂರಿಸಲೂ ಜಾಗವಿರಲಿಲ್ಲ. ಅಳು ಬಂತು. ಅದನ್ನು ಅವರು ಭಕ್ತಿ ಅಂದುಕೊಂಡರು.

ಹಾಡು ಮುಗಿದಾಗ ದೊಡ್ಡಮ್ಮ ಎದ್ದಳು. ಯಾರೂ ಕರೆಯದೆ ವೇದಿಕೆ ಹತ್ತಿ ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡಳು.

"ಈ ಧಾಟಿ ನಮ್ಮ ಅತ್ತಿದಲ್ಲ," ಎಂದಳು. "ನಾ ಅವತ್ತು ಸುಳ್ಳು ಹೇಳಿದೆ. ಇದು ನಮ್ಮ ಸುಷಮಾಂದು. ಈಕಿ ಮಾಳಿಗಿ ಮ್ಯಾಲ ಹಾಡತಿದ್ದಳು, ನಾ ಕೆಳಗ ಕೇಳಿ ತಗೊಂಡೆ. ಕದ್ದಾಕಿ ನಾನು, ಈಕಿ ಅಲ್ಲ."

ಆಮೇಲೆ ಚಪ್ಪಾಳೆ, ಅಂಥ ಚಪ್ಪಾಳೆ ಆ ಮಂಟಪದಲ್ಲಿ ಮದುವೆಗಳಿಗೂ ಬಿದ್ದಿರಲಿಕ್ಕಿಲ್ಲ. ಶಾಂತಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಾಲಸ್ವಾಮಿ ಓಡಿ ಬಂದು ಇನ್ನೊಂದು ಮೈಕು ಹಿಡಿದರು.

"ನೋಡ್ರೆಪಾ, ಹಿರಿತನ ಅಂದ್ರ ಇದು! ತಂಗಿ ಮಗಳ ಮ್ಯಾಲ ಬಂದ ಅಪವಾದ ತಾವು ತಗೊಂಡ್ರು. ನನ್ನದು ಅನ್ನಲಾರದ ದೊಡ್ಡ ಮನಸು!"

"ಅಲ್ರೀ, ಖರೇನ..." ಎಂದಳು ದೊಡ್ಡಮ್ಮ.

"ಗೊತ್ತೈತ್ರಿ ಅಮ್ಮಾ, ಗೊತ್ತೈತಿ," ಎಂದು ಹಾಲಸ್ವಾಮಿ ಅವಳ ಕಾಲಿಗೆ ಬಿದ್ದರು.

ಆಯಿತಲ್ಲ. ನಮ್ಮ ಜನ ಹಾಡಿದವರೆಲ್ಲ ನನ್ನದೇನಿಲ್ಲ, ಎಲ್ಲಾ ಅವನದು ಎಂದು ಹೇಳುವುದನ್ನು ಕೇಳಿ ಕೇಳಿ ಎಷ್ಟು ಪಳಗಿದ್ದಾರೆಂದರೆ, ಒಬ್ಬಾಕೆ ನಿಜವಾಗಿಯೂ ನನ್ನದಲ್ಲ ಎಂದರೆ ಅದೂ ವಿನಯದ ಲೆಕ್ಕಕ್ಕೇ ಹೋಗುತ್ತದೆ. ನಾನು ಬಾಯಿ ತೆರೆದರೆ ಇನ್ನೇನಾಗುತ್ತಿತ್ತು? ಅಂಥ ಮಹಾತಾಯಿಯ ಮಾತನ್ನು ಹಿಡಿದುಕೊಂಡು ಹೊರಟ ಸಣ್ಣ ಬುದ್ಧಿಯವಳು ಅನ್ನುತ್ತಿದ್ದರು. ಇಬ್ಬರಿಗೂ ಒಂದೇ ಶಾಲು ಹೊದಿಸಿ ಫೋಟೋ ತೆಗೆದರು. ಶಾಲಿನ ಒಳಗೆ ದೊಡ್ಡಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ನನಗೆ ಬಿಡಿಸಿಕೊಳ್ಳಬೇಕೆನಿಸಿತು, ಬಿಡಿಸಿಕೊಳ್ಳಲಿಲ್ಲ.

ಕಂಪನಿಯವರಿಗೆ ನಾನೇ ಫೋನು ಮಾಡಿ ಹಾಡು ತೆಗೆದುಬಿಡಿ ಎಂದೆ. ದೊಡ್ಡಮ್ಮನಿಗೆ ಹೇಳಲಿಲ್ಲ, ಆದರೆ ಅವಳಿಗೆ ಗೊತ್ತಾಯಿತು. ಪಡಸಾಲೆಯ ಪಾಠ ನಿಂತಿತು. ಬಂದವರಿಗೆ ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸುತ್ತಿದ್ದಳು. ನಾವಿಬ್ಬರೂ ಸಾರು, ಪಲ್ಯ, ಹಾಲಿನವನು ಬಂದದ್ದು, ಇಷ್ಟರ ಮೇಲೇ ದಿನ ದೂಡುತ್ತಿದ್ದೆವು.

ನಲ್ಲಿ ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಒಂದು ಬೆಳಗ್ಗೆ ತಲೆ ಬಾಚಿಕೊಳ್ಳುವಾಗ ಹೊಸದೊಂದು ಬಂತು. ಹಣಿಗೆ ಕೂದಲಲ್ಲೇ ಬಿಟ್ಟು ಲಲ್ಲಲಾ ಎಂದು ಓಡಾಡತೊಡಗಿದೆ. ನಾಲ್ಕು ಸಲ ತಿರುಗಿಸಿದ ಮೇಲೆ ಏನೋ ಕೊರತೆ ಅನ್ನಿಸಿತು. ಧಾಟಿಯಲ್ಲಲ್ಲ, ಮನೆಯಲ್ಲಿ. ನಾನು ಹಾಡುವಾಗ ಕೆಳಗೆ ಪಾತ್ರೆಯ ಸದ್ದು ಸಣ್ಣದಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಯಾವ ಸಾಲಿಗೆ ನಿಂತಿತೋ ಆ ಸಾಲು ಚೆನ್ನಾಗಿದೆ ಎಂದು ನಾನು ಉಳಿಸಿಕೊಳ್ಳುತ್ತಿದ್ದೆ. ಎಂಟು ತಿಂಗಳು ಹಾಗೇ ಕಟ್ಟಿದ್ದೆ, ನನಗೇ ಗೊತ್ತಿಲ್ಲದೆ. ಈಗ ಪಾತ್ರೆಗಳು ನನ್ನ ಹಾಡಿಗೂ ತಮಗೂ ಸಂಬಂಧವಿಲ್ಲದ ಹಾಗೆ ಒಂದೇ ಸಮ ಸದ್ದು ಮಾಡುತ್ತಿದ್ದವು.

ಕೆಳಗಿಳಿದೆ. ದೊಡ್ಡಮ್ಮ ನನಗೆ ಬೆನ್ನು ಮಾಡಿ ಪಾತ್ರೆ ಉಜ್ಜುತ್ತಿದ್ದಳು. ಕರೆದೆ, ತಿರುಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಎರಡೂ ಕಿವಿಗೆ ಅರಳೆ ತುರುಕಿಕೊಂಡಿದ್ದಾಳೆ. ದೇವರ ಬತ್ತಿಗೆಂದು ಇಟ್ಟ ಅರಳೆ. ನನ್ನನ್ನು ಕಂಡು ಬೆಚ್ಚಿ, ಆಮೇಲೆ ಏನೋ ಬಹಳ ಒಳ್ಳೆಯ ಕೆಲಸ ಮಾಡಿದವಳ ಹಾಗೆ ಮುಖ ಅರಳಿಸಿದಳು.

"ಹಾಡ್ಕೋ ನೀ," ಎಂದಳು, ಕಿವಿ ಕೇಳದವರ ದೊಡ್ಡ ದನಿಯಲ್ಲಿ. "ಇನ್ನ ನನಗ ಏನೂ ಕೇಳಸಂಗಿಲ್ಲ. ಚಿಂತಿ ಮಾಡಬ್ಯಾಡ."

ಒಂದು ಕಿವಿಯ ಅರಳೆ ಎಳೆದು ತೆಗೆದೆ. ಅವಳು ಗಾಬರಿಯಿಂದ ಆ ಕಿವಿಗೆ ಒದ್ದೆ ಕೈ ಅಡ್ಡ ಹಿಡಿದಳು.

"ಬ್ಯಾಡವಾ, ಕೇಳಿದ್ರ ನನ್ನ ಬಾಯಿ ಸುಮ್ಮನಿರಂಗಿಲ್ಲ. ಮಾತು ತಾನ ಬರ್ತದ. ಮತ್ತ ನಿಂದು ಹಾಳಾಗ್ತದ."

ಹಾಳಾಗುತ್ತದೆ ಎಂದು ನನಗೂ ಗೊತ್ತಿತ್ತು. ಇವಳ ಮನೆಯಲ್ಲಿ, ಇವಳ ತಲೆಯ ಮೇಲೆ ಕೂತು ನಾನು ಕಟ್ಟುವ ಯಾವ ಹಾಡೂ ನನ್ನದಾಗಿ ಉಳಿಯುವುದಿಲ್ಲ. ಬೇರೆ ಊರಿಗೆ ಹೋದರೆ ಉಳಿಯಬಹುದು, ಆದರೆ ಅಲ್ಲಿ ಪಾತ್ರೆಯ ಸದ್ದು ನಿಲ್ಲಿಸಿ ಕೇಳುವವರು ಯಾರಿದ್ದಾರೆ? ಅವಳ ಕೈ ಸರಿಸಿ ಇನ್ನೊಂದು ಕಿವಿಯ ಅರಳೆಯನ್ನೂ ತೆಗೆದೆ.

"ಆಗಲಿ ಬಿಡು, ದೊಡ್ಡಮ್ಮ."

ಮೇಲೆ ಹೋಗಿ ಬಾಗಿಲು ಹಾಕದೆ ಶುರುಮಾಡಿದೆ. ಕೆಳಗೆ ಪಾತ್ರೆ ಉಜ್ಜುವುದು ನಿಲ್ಲಲಿಲ್ಲ. ಮೊದಲಿನಿಂದ ಮತ್ತೆ ಹಾಡಿದೆ, ಇನ್ನೂ ಸ್ವಲ್ಪ ಗಟ್ಟಿಯಾಗಿ.